ಮಗ ನಲವತ್ತು ಸೆಕೆಂಡಿಗೇ ಕೊಬ್ಬರಿ ಮಿಠಾಯಿ ತಿಂದುಬಿಟ್ಟ. ಚಿಂತೆ ಮಾಡಬೇಕಾ?

ಮಲ್ಲಿಗೆಬಳ್ಳಿ (ಮೈಸೂರು), ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು.

ಮಗನಿಗೆ ನಾಲ್ಕೂವರೆ ವರ್ಷ. ಅವನ ತರಗತಿಯ ಅಮ್ಮಂದಿರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹೋದ ವಾರ ಒಂದು ವಿಡಿಯೋ ಬಂತು. ಮಗುವಿನ ಮುಂದೆ ಒಂದು ಸಿಹಿ ಇಡುವುದು. "ನಾನು ವಾಪಸ್ ಬರುವ ತನಕ ತಿನ್ನದೆ ಇದ್ದರೆ ಇನ್ನೊಂದು ಕೊಡ್ತೀನಿ" ಎಂದು ಹೇಳಿ ಹೊರಗೆ ಹೋಗುವುದು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆ, ಒಳ್ಳೆ ಕೆಲಸ ಹಿಡಿಯುತ್ತಾರೆ, ತಿಂದವರು ಹಿಂದೆ ಬೀಳುತ್ತಾರೆ ಅಂತ ಕೆಳಗೆ ಬರೆದಿತ್ತು.

ಒಬ್ಬೊಬ್ಬರೇ ತಮ್ಮ ಮಕ್ಕಳ ವಿಡಿಯೋ ಹಾಕತೊಡಗಿದರು. ಒಬ್ಬಳು ಹುಡುಗಿ ಕೈಕಟ್ಟಿಕೊಂಡು ಹನ್ನೆರಡು ನಿಮಿಷ ಕೂತಿದ್ದಾಳೆ! ನಾನೂ ಮಾಡಿ ನೋಡಿದೆ. ಮನೆಯಲ್ಲಿ ಕೊಬ್ಬರಿ ಮಿಠಾಯಿ ಇತ್ತು. ತಟ್ಟೆಯಲ್ಲಿಟ್ಟು, ಹೇಳಬೇಕಾದ್ದು ಹೇಳಿ, ಬಾಗಿಲ ಸಂದಿಯಿಂದ ನೋಡಿದೆ. ನಲವತ್ತು ಸೆಕೆಂಡ್. ತಿಂದ. ತಟ್ಟೆಗೆ ಬಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕಿದ.

ಅತ್ತೆ ನಕ್ಕು, "ಮುಂದೆ ಇಟ್ಟರೆ ತಿನ್ನದೆ ಪೂಜೆ ಮಾಡ್ತಾನಾ" ಅಂದರು. ನನಗೆ ನಗು ಬರಲಿಲ್ಲ. ಅಂಗಡಿಯಲ್ಲೂ ಅವನು ಹೀಗೇ. ಬೇಕು ಅಂದರೆ ಈಗಲೇ ಬೇಕು. ಇಲ್ಲ ಅಂದರೆ ನೆಲಕ್ಕೆ ಬಿದ್ದು ಹೊರಳಾಡುತ್ತಾನೆ. ಇದು ಹುಟ್ಟುಗುಣವಾ? ಬದಲಾಗುತ್ತದಾ? ತಿಳಿದವರು ಹೇಳಿ.

ಒಗ್ಗರಣೆ, ಭಾನುವಾರ ರಾತ್ರಿ 9:58

ನನಗೆ ನಲವತ್ತೊಂದು ವರ್ಷ. ಕೊಬ್ಬರಿ ಮಿಠಾಯಿ ಮುಂದೆ ನಲವತ್ತು ಸೆಕೆಂಡ್ ಕೂರುವುದು ನನ್ನ ಕೈಲೂ ಆಗದು. ನಿಮ್ಮ ಮಗ ಪರವಾಗಿಲ್ಲ.

ಗಿಣಿಶಾಸ್ತ್ರ, ಭಾನುವಾರ ರಾತ್ರಿ 10:15

ನನ್ನ ಹೆಸರಿಗೆ ತಕ್ಕ ವಿಷಯ ಬಂತು. ಜಾತ್ರೆಯಲ್ಲಿ ಪಂಜರದಿಂದ ಗಿಣಿ ಹೊರಗೆ ಬಂದು ಒಂದು ಕಾರ್ಡ್ ಎತ್ತಿಕೊಡುತ್ತದಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಗು ಮಿಠಾಯಿ ತಿಂದದ್ದನ್ನು ನೋಡಿ ಮುಂದಿನ ಸಂಬಳ ಹೇಳುವುದು. ಮೊದಲು ಆ ವಿಡಿಯೋ ಡಿಲೀಟ್ ಮಾಡಿ, ಅಕ್ಕ.

ಹಳೇಮೇಷ್ಟ್ರು (ತಿಪಟೂರು), ಸೋಮವಾರ ಬೆಳಿಗ್ಗೆ 6:20

ತಮಾಷೆ ಇರಲಿ. ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವನು ನಾನು. ಒಂದನೇ ಕ್ಲಾಸಿಗೆ ಬಂದಾಗಲೇ ಗೊತ್ತಾಗುತ್ತಿತ್ತು. ಕೆಲವು ಮಕ್ಕಳು ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತವೆ. ಕೆಲವು ನುಗ್ಗುತ್ತವೆ. ನಿಂತ ಮಕ್ಕಳೇ ಮುಂದೆ ಚೆನ್ನಾಗಿ ಓದಿದರು. ತಾಳಿದವನು ಬಾಳಿಯಾನು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಪರೀಕ್ಷೆಯನ್ನು ಪೂರ್ತಿ ತಳ್ಳಿಹಾಕಬೇಡಿ.

ನೆರಳುಬಿಸಿಲು (ಧಾರವಾಡ), ಸೋಮವಾರ ಮಧ್ಯಾಹ್ನ 2:05

ಮಲ್ಲಿಗೆಬಳ್ಳಿ ಅವರೇ, ನಾನು ಮನಶ್ಶಾಸ್ತ್ರ ಓದಿ ಈಗ ಶಾಲೆಗಳಲ್ಲಿ ಮಕ್ಕಳ ಕೌನ್ಸೆಲಿಂಗ್ ಮಾಡುತ್ತೇನೆ. ನಿಮ್ಮಂತೆ ಗಾಬರಿಯಾಗಿ ಬರುವ ತಾಯಂದಿರು ತಿಂಗಳಿಗೆ ಇಬ್ಬರಾದರೂ ಸಿಗುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಈ ಪ್ರಯೋಗ ಮಾಡಿದವರು ವಾಲ್ಟರ್ ಮಿಷೆಲ್. ವಿಯೆನ್ನಾದಲ್ಲಿ ಹುಟ್ಟಿದವರು. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅವರ ಕುಟುಂಬ ಅಮೆರಿಕಕ್ಕೆ ಹೋಯಿತು. 1960ರ ದಶಕದ ಕೊನೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ನರ್ಸರಿ ಶಾಲೆಯಲ್ಲಿ ಈ ಕೆಲಸ ಶುರು ಮಾಡಿದರು. ಮಾರ್ಷ್‌ಮೆಲ್ಲೋ ಎಂಬ ಮೆತ್ತನೆ ಮಿಠಾಯಿಯಿಂದ ಅದಕ್ಕೆ ಹೆಸರು ಬಂತು. ನಿಜ ಹೇಳಬೇಕೆಂದರೆ ಬಿಸ್ಕತ್ತು, ಉಪ್ಪಿನ ಪ್ರೆಟ್ಸೆಲ್ ಕೂಡ ಇರುತ್ತಿತ್ತು. ಮೇಜಿನ ಮೇಲೆ ಒಂದು ಗಂಟೆ. ಸಾಕು ಅನಿಸಿದರೆ ಗಂಟೆ ಬಾರಿಸಬಹುದು. ದೊಡ್ಡವರು ಬರುತ್ತಾರೆ, ಒಂದೇ ತಿಂಡಿ ಸಿಗುತ್ತದೆ. ಹೆಚ್ಚೆಂದರೆ ಹದಿನೈದು ನಿಮಿಷ ಕಾಯಬೇಕು, ಆಗ ಎರಡು.

ವಿಡಿಯೋ ಮಾಡುವವರು ಬಿಟ್ಟುಬಿಡುವ ಸಂಗತಿ ಒಂದಿದೆ. ಯಾವ ಮಗು ಗಟ್ಟಿ, ಯಾವುದು ಪೊಳ್ಳು ಎಂದು ಜರಡಿ ಹಿಡಿಯುವುದು ಅವರ ಉದ್ದೇಶವಾಗಿರಲಿಲ್ಲ. ಏನು ಮಾಡಿದರೆ ಕಾಯುವುದು ಸುಲಭವಾಗುತ್ತದೆ ಎಂದು ನೋಡುವುದಾಗಿತ್ತು. 1970ರ ವರದಿಯಲ್ಲಿ ಎರಡೂ ತಿಂಡಿ ಕಣ್ಣೆದುರೇ ಇದ್ದ ಮಕ್ಕಳು ಸರಾಸರಿ ಒಂದು ನಿಮಿಷ ಕಾದರು. ತಿಂಡಿ ಕಾಣದ ಹಾಗೆ ಇಟ್ಟಾಗ? ಹನ್ನೊಂದು ನಿಮಿಷ! ಎಲ್ಲರೂ ಅದೇ ಶಾಲೆಯ ಮಕ್ಕಳು. ಬದಲಾಗಿದ್ದು ಮೇಜು ಮಾತ್ರ.

ನಿಮ್ಮ ಮಗನ ಮುಂದೆ ತಟ್ಟೆ ಬಯಲಾಗಿಯೇ ಇತ್ತಲ್ಲವೇ? ಹಾಗಾದರೆ ನಲವತ್ತು ಸೆಕೆಂಡ್ ಎಂದರೆ ಆ ಮಕ್ಕಳ ಸರಾಸರಿಗೆ ಇಪ್ಪತ್ತು ಸೆಕೆಂಡ್ ಕಮ್ಮಿ, ಅಷ್ಟೇ.

ಮಲ್ಲಿಗೆಬಳ್ಳಿ, ಸೋಮವಾರ ಮಧ್ಯಾಹ್ನ 2:40

ಇಪ್ಪತ್ತು ಸೆಕೆಂಡ್! ಇದಕ್ಕೋಸ್ಕರ ಮೂರು ದಿನ ನಿದ್ದೆ ಕೆಡಿಸಿಕೊಂಡೆ. ಆದರೆ ದೊಡ್ಡವರಾದ ಮೇಲೆ ಅಂಕ ಜಾಸ್ತಿ ಬಂತು ಎನ್ನುವುದು ಸುಳ್ಳಾ?

ನೆರಳುಬಿಸಿಲು, ಸೋಮವಾರ ಸಂಜೆ 5:30

ಸುಳ್ಳಲ್ಲ. ಎಳೆದು ಎಳೆದು ಉದ್ದ ಮಾಡಿದ ಸತ್ಯ.

ಮಿಷೆಲ್ ಅವರ ಮೂವರು ಹೆಣ್ಣುಮಕ್ಕಳೂ ಅದೇ ಬಿಂಗ್ ಶಾಲೆಗೆ ಹೋಗಿದ್ದವರು. ವರ್ಷಗಳ ನಂತರ ಮನೆಯಲ್ಲಿ ಊಟಕ್ಕೆ ಕೂತಾಗ, ನಿಮ್ಮ ಜೊತೆ ಓದಿದವರೆಲ್ಲ ಈಗ ಹೇಗಿದ್ದಾರೆ ಎಂದು ಕೇಳುತ್ತಿದ್ದರಂತೆ. ಅವರ ಉತ್ತರ ಕೇಳುತ್ತ ಇದರಲ್ಲಿ ಏನೋ ಇದೆ ಅನಿಸಿತು. ಹಾಗೆ ಶುರುವಾದ ಹುಡುಕಾಟ 1990ರಲ್ಲಿ ಒಂದು ವರದಿಯಾಯಿತು. ಜಾಸ್ತಿ ಹೊತ್ತು ಕಾದ ಮಕ್ಕಳಿಗೆ ಅಮೆರಿಕದ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಜಾಸ್ತಿ ಅಂಕ. ಆದರೆ ಆ ನಂಟು ಗಟ್ಟಿಯಾಗಿ ಕಂಡದ್ದು ಬರೀ 35 ಮಕ್ಕಳ ಗುಂಪಿನಲ್ಲಿ. ಅದೂ ಹೆಚ್ಚಾಗಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರ ಮಕ್ಕಳು. ಹುಷಾರಾಗಿ ಓದಿಕೊಳ್ಳಿ ಎಂದು ಬರೆದವರೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಯಾರಿಗೆ ಬೇಕು, ಅಲ್ವಾ?

2018ರಲ್ಲಿ ಟೈಲರ್ ವಾಟ್ಸ್ ಮತ್ತು ಇಬ್ಬರು ಜೊತೆಗಾರರು 918 ಮಕ್ಕಳ ಮಾಹಿತಿ ತೆಗೆದುಕೊಂಡು ಮತ್ತೆ ನೋಡಿದರು. ಅವರು ಜಾಸ್ತಿ ಗಮನ ಕೊಟ್ಟದ್ದು ತಾಯಿ ಕಾಲೇಜು ಮುಗಿಸದ ಮನೆಗಳ ಮಕ್ಕಳಿಗೆ. ಕಾಯುವುದಕ್ಕೂ 15ನೇ ವಯಸ್ಸಿನ ಅಂಕಗಳಿಗೂ ಇದ್ದ ನಂಟು ಹಳೆಯದರ ಅರ್ಧದಷ್ಟೇ ಇತ್ತು. ಮನೆಯ ಆದಾಯ, ಮನೆಯ ವಾತಾವರಣ, ಮಗುವಿನ ಬುದ್ಧಿಶಕ್ತಿ ಇವನ್ನೆಲ್ಲ ಲೆಕ್ಕಕ್ಕೆ ತಂದಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿತು. ನಡವಳಿಕೆಗಂತೂ ಹೇಳಿಕೊಳ್ಳುವಂಥ ನಂಟೇ ಇರಲಿಲ್ಲ. ಬಿಂಗ್ ಮಕ್ಕಳಿಗೆ 46 ವರ್ಷ ಆದಾಗಲೂ ನೋಡಿದ್ದಾರೆ. 2020ರಲ್ಲಿ ಬಂದ ಆ ವರದಿಗೆ ಮಿಷೆಲ್ ಕೂಡ ಸಹಲೇಖಕರು, ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ನಾಲ್ಕು ವರ್ಷದಲ್ಲಿ ಎಷ್ಟು ನಿಮಿಷ ಕಾದರು ಎನ್ನುವುದರಿಂದ ನಡುವಯಸ್ಸಿನ ದುಡ್ಡುಕಾಸಿನ ಬಗ್ಗೆ ಏನೂ ತಿಳಿಯಲಿಲ್ಲ.

ಗಿಣಿಶಾಸ್ತ್ರ, ಸೋಮವಾರ ಸಂಜೆ 5:41

ನಾನು ಮೊದಲೇ ಹೇಳಲಿಲ್ಲವಾ? ಗಿಣಿ.

ಕಿವಿಹಣ್ಣು (ಆಕ್ಲೆಂಡ್), ಸೋಮವಾರ ರಾತ್ರಿ 11:10

ಗಿಣಿಯವರೇ, ಸ್ವಲ್ಪ ತಾಳಿ. ಮೇಷ್ಟ್ರ ಮಾತಿನಲ್ಲಿ ಹುರುಳಿದೆ. ನಾನಿರುವ ನ್ಯೂಜಿಲೆಂಡ್‌ನಲ್ಲಿ ಡನೀಡನ್ ಎಂಬ ಊರಿದೆ. 1972-73ರಲ್ಲಿ ಅಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿಗೂ ಬಿಡದೆ ನೋಡುತ್ತಿದ್ದಾರೆ. ಅವರಿಗೀಗ ಐವತ್ತು ದಾಟಿದೆ. ಟೆರಿ ಮೊಫಿಟ್ ಮತ್ತು ತಂಡ 2011ರಲ್ಲಿ ಬರೆದ ಪ್ರಕಾರ, ಚಿಕ್ಕಂದಿನಲ್ಲಿ ತಮ್ಮನ್ನು ತಾವು ಹಿಡಿತದಲ್ಲಿ ಇಟ್ಟುಕೊಂಡ ಮಕ್ಕಳಿಗೆ 32ನೇ ವಯಸ್ಸಿಗೆ ಆರೋಗ್ಯ ಚೆನ್ನಾಗಿತ್ತು, ಸಾಲ ಕಮ್ಮಿ, ಪೊಲೀಸ್ ಕೇಸು ಕಮ್ಮಿ. ಮನೆಯ ಬಡತನ, ಬುದ್ಧಿಶಕ್ತಿ ಲೆಕ್ಕ ಹಾಕಿದ ಮೇಲೂ ಇದು ಉಳಿಯಿತು. ಇದಕ್ಕೇನು ಹೇಳುತ್ತೀರಿ?

ಹಳೇಮೇಷ್ಟ್ರು, ಮಂಗಳವಾರ ಬೆಳಿಗ್ಗೆ 6:05

ಧನ್ಯವಾದ. ನಾನು ಹೇಳಿದ್ದೂ ಇದನ್ನೇ.

ನೆರಳುಬಿಸಿಲು, ಮಂಗಳವಾರ ಮಧ್ಯಾಹ್ನ 1:15

ಮೇಷ್ಟ್ರೇ, ನೀವಿಬ್ಬರೂ ಹೇಳಿದ್ದು ಸರಿ. ಆದರೆ ಡನೀಡನ್‌ನಲ್ಲಿ ಅಳೆದದ್ದು ಹೇಗೆ ನೋಡಿ. ಮೂರನೇ ವಯಸ್ಸಿನಿಂದ ಹನ್ನೊಂದರವರೆಗೆ ಮತ್ತೆ ಮತ್ತೆ ನೋಡಿದರು. ತಂದೆತಾಯಿಯನ್ನು ಕೇಳಿದರು, ಶಿಕ್ಷಕರನ್ನು ಕೇಳಿದರು, ಮಗುವನ್ನೇ ಕೇಳಿದರು. ಅಂದರೆ ಬಿಸಿಯೂಟದ ಸಾಲಿನಲ್ಲಿ ವರ್ಷಗಟ್ಟಲೆ ನೀವು ನೋಡಿದಿರಲ್ಲ, ಆ ಥರ. ಒಂದು ಸಂಜೆ, ಒಂದು ತಟ್ಟೆ, ಬಾಗಿಲ ಸಂದಿ, ಆ ಥರ ಅಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಚಿಕ್ಕಂದಿನಲ್ಲಿ ಹಿಡಿತ ಕಮ್ಮಿ ಇದ್ದು, ಬೆಳೆಯುತ್ತ ಅದನ್ನು ಗಳಿಸಿಕೊಂಡ ಮಕ್ಕಳ ಬದುಕು, ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಹುಟ್ಟುಗುಣವಾ ಎಂದು ಮಲ್ಲಿಗೆಬಳ್ಳಿ ಕೇಳಿದ್ದರಲ್ಲ, ಅದಕ್ಕೆ ಇದು ಅರ್ಧ ಉತ್ತರ. ಉಳಿದರ್ಧ ರಾತ್ರಿ ಬರೆಯುತ್ತೇನೆ. ಮಧ್ಯಾಹ್ನ ಮಕ್ಕಳು ಬರುವ ಹೊತ್ತಾಯಿತು.

ಕಬ್ಬಿನಜಲ್ಲೆ (ಮಂಡ್ಯ), ಮಂಗಳವಾರ ಮಧ್ಯಾಹ್ನ 3:30

ಇಷ್ಟೆಲ್ಲ ಯಾಕೆ? ಅಂಗಡಿಯಲ್ಲಿ ಹೊರಳಾಡಿದಾಗ ಎರಡು ಬಿಟ್ಟರೆ ಸರಿಹೋಗ್ತಾನೆ. ನಮ್ಮಪ್ಪ ಬಿಡ್ತಿದ್ದರು. ನಾವೇನು ಕೆಟ್ಟುಹೋದ್ವಾ?

ಒಗ್ಗರಣೆ, ಮಂಗಳವಾರ ಮಧ್ಯಾಹ್ನ 3:34

ಕೆಟ್ಟುಹೋಗಿಲ್ಲ ಎಂದು ನೀವೇ ಹೇಳಿದರೆ ಹೇಗೆ? ನಿಮ್ಮ ಮನೆಯವರನ್ನು ಕರೆಯಿರಿ, ಕೇಳೋಣ.

ನೆರಳುಬಿಸಿಲು, ಮಂಗಳವಾರ ರಾತ್ರಿ 9:20

ಕಬ್ಬಿನಜಲ್ಲೆ ಅವರೇ, ನನಗೂ ಬಿದ್ದಿವೆ. ನಮ್ಮ ಅಪ್ಪಂದಿರ ಪ್ರೀತಿಯ ಬಗ್ಗೆ ನಾನು ಮಾತಾಡುತ್ತಿಲ್ಲ. 2016ರಲ್ಲಿ ಗೆರ್ಶಾಫ್ ಮತ್ತು ಗ್ರೋಗನ್-ಕೇಲರ್ ಎಂಬ ಇಬ್ಬರು 75 ಅಧ್ಯಯನಗಳನ್ನು, ಅಂದರೆ 1,60,000ಕ್ಕೂ ಜಾಸ್ತಿ ಮಕ್ಕಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಹೊಡೆತ ಅಂದರೆ ಬಾಸುಂಡೆ ಬರುವ ಹಾಗಲ್ಲ, ಕುಂಡೆಯ ಮೇಲೆ ಕೈಯಲ್ಲಿ ಎರಡೇಟು. ಅದರ ಜೊತೆಗೂ ಕಂಡದ್ದು ಜಾಸ್ತಿ ಹಠ, ಜಾಸ್ತಿ ಜಗಳ, ತಂದೆತಾಯಿಯ ಜೊತೆ ಕೆಟ್ಟ ಸಂಬಂಧ. ಒಳ್ಳೆಯದರ ಜೊತೆ ಎಲ್ಲೂ ನಂಟು ಸಿಗಲಿಲ್ಲ. ಹಠ ಜಾಸ್ತಿ ಇರುವುದಕ್ಕೇ ಏಟು ಬೀಳುತ್ತದೋ, ಏಟು ಬೀಳುವುದಕ್ಕೇ ಹಠ ಜಾಸ್ತಿಯೋ ಎಂಬ ಜಗಳ ಇನ್ನೂ ಇದೆ. ಆದರೆ ಏಟಿನಿಂದ ಸರಿಹೋಯಿತು ಎನ್ನಲು ಅಲ್ಲಿ ಏನೂ ಇಲ್ಲ.

ಕಬ್ಬಿನಜಲ್ಲೆ, ಮಂಗಳವಾರ ರಾತ್ರಿ 9:45

ಸರಿ ಮೇಡಂ. ಆದರೆ ಅಂಗಡಿಯಲ್ಲಿ ಹತ್ತು ಜನ ನೋಡುತ್ತಿರುತ್ತಾರೆ. ಆಗ ಏನು ಮಾಡಬೇಕು ಅದನ್ನು ಹೇಳಿ. ನನ್ನ ಮಗಳಿಗೂ ಮೂರು ವರ್ಷ.

ನೆರಳುಬಿಸಿಲು, ಮಂಗಳವಾರ ರಾತ್ರಿ 10:50

ಹಾಗೆ ಕೇಳಿ, ಸಂತೋಷ.

ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬವರು ಮನೆಮನೆಗೆ ಜನರನ್ನು ಕಳಿಸಿ, ತಾಯಿ-ಮಗು ನಿಮಿಷ ನಿಮಿಷಕ್ಕೂ ಏನು ಮಾಡುತ್ತಾರೆ ಎಂದು ಬರೆಸಿದರು. ಅವರಿಗೆ ಕಂಡದ್ದು ನಮ್ಮೆಲ್ಲರ ಮನೆಯಲ್ಲೂ ಇರುವ ಒಂದು ಸುಳಿ. ಮಗು ಕೇಳುತ್ತದೆ. ನಾವು ಬೇಡ ಎನ್ನುತ್ತೇವೆ. ಮಗು ರಚ್ಚೆ ಹಿಡಿಯುತ್ತದೆ. ಹತ್ತು ಜನ ನೋಡುತ್ತಾರೆ. "ತಗೋ, ಬಾಯಿ ಮುಚ್ಚು" ಎಂದು ಕೊಡಿಸುತ್ತೇವೆ. ಅಳು ನಿಲ್ಲುತ್ತದೆ. ಇಲ್ಲಿ ಪಾಠ ಕಲಿತವರು ಇಬ್ಬರು. ಜೋರಾಗಿ ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟರೆ ಅಳು ನಿಲ್ಲುತ್ತದೆ ಎಂದು ನಾವು ಕಲಿತೆವು. ಮಗುವಿಗೆ ಸಿಹಿಯ ಬಹುಮಾನ, ನಮಗೆ ನೆಮ್ಮದಿಯ ಬಹುಮಾನ. ಹೊಡೆದು ಬಾಯಿ ಮುಚ್ಚಿಸಿದರೂ ಅದೇ ಸುಳಿ. ಗೆಲ್ಲುವವರು ಬೇರೆ, ಅಷ್ಟೇ.

ಇನ್ನೂ ಕೆಟ್ಟದ್ದು ಒಂದಿದೆ. ನಾಲ್ಕು ಸಲ ಕೊಡದೆ ಐದನೇ ಸಲ ಕೊಟ್ಟರೆ ಹಠ ಇನ್ನೂ ಗಟ್ಟಿಯಾಗುತ್ತದೆ. ಲಾಟರಿ ಆಡುವವನ ಕಥೆ ಗೊತ್ತಲ್ಲ, ಹಾಗೆ.

ರಚ್ಚೆಯ ಬಗ್ಗೆಯೇ ಮೈಕಲ್ ಪೊಟೆಗಲ್ ಎಂಬವರ ಅಧ್ಯಯನ ಇದೆ. ಒಂದೂವರೆಯಿಂದ ಐದು ವರ್ಷದ 335 ಮಕ್ಕಳು. ಮುಕ್ಕಾಲು ಪಾಲು ರಂಪ ಐದು ನಿಮಿಷದೊಳಗೆ ಮುಗಿದಿತ್ತು. ಅದರಲ್ಲಿ ಸಿಟ್ಟು ಮತ್ತು ದುಃಖ ಎರಡೂ ಇರುತ್ತದೆ. ಸಿಟ್ಟು ಬೇಗ ನೆತ್ತಿಗೇರಿ ಬೇಗ ಇಳಿಯುತ್ತದೆ, ದುಃಖ ಕೊನೆತನಕ ಇರುತ್ತದೆ. ಹಾಗಾಗಿ ನಾನು ತಾಯಂದಿರಿಗೆ ಹೇಳುವುದು ಇಷ್ಟು. ಸಿಟ್ಟಿನ ಹೊತ್ತಿನಲ್ಲಿ "ಯಾಕೆ ಹೀಗೆ ಮಾಡ್ತೀಯ, ನಿನಗೆ ಬುದ್ಧಿ ಇಲ್ವಾ" ಎಂದು ಪ್ರಶ್ನೆ ಕೇಳಬೇಡಿ. ಪೆಟ್ಟು ಬೀಳದ ಜಾಗಕ್ಕೆ ಕರೆದೊಯ್ದು, ಮಾತು ಕಮ್ಮಿ ಮಾಡಿ, ಪಕ್ಕದಲ್ಲಿ ನಿಲ್ಲಿ. ದನಿ ಅಳುವಿಗೆ ಇಳಿದಾಗ ಎತ್ತಿಕೊಳ್ಳಿ. ಕೇಳಿದ್ದನ್ನು ಮಾತ್ರ ಕೊಡಿಸಬೇಡಿ. ಕೊಡಿಸುವುದೇ ಆದರೆ, ಅಳುವ ಮೊದಲೇ ಕೊಡಿಸಿಬಿಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಒಂದು ಎಚ್ಚರಿಕೆ. ಕೊಡುವುದು ನಿಲ್ಲಿಸಿದ ಮೊದಲ ವಾರ ರಂಪ ಜಾಸ್ತಿಯಾಗುತ್ತದೆ. ಬಹಳ ಜನ ಅಲ್ಲೇ ಸೋತು ಕೊಟ್ಟುಬಿಡುತ್ತಾರೆ.

ಕಬ್ಬಿನಜಲ್ಲೆ, ಮಂಗಳವಾರ ರಾತ್ರಿ 11:02

ಐದನೇ ಸಲ ಕೊಡುವವನು ನಾನೇ.

ಮಲ್ಲಿಗೆಬಳ್ಳಿ, ಬುಧವಾರ ಬೆಳಿಗ್ಗೆ 10:30

ನಮ್ಮನೆಯಲ್ಲಿ ಐದನೇ ಸಲ ಕೊಡುವವರು ಅಜ್ಜಿ. ಹಾಗಾದರೆ ಇದು ಕಾಯಿಲೆ ಏನಲ್ಲ ತಾನೇ? ಡಾಕ್ಟರ್ ಹತ್ತಿರ ಹೋಗಬೇಕಾ?

ನೆರಳುಬಿಸಿಲು, ಬುಧವಾರ ಮಧ್ಯಾಹ್ನ 1:50

ನೀವು ಬರೆದಷ್ಟರಲ್ಲಿ ಕಾಯಿಲೆಯಂಥದ್ದು ನನಗೇನೂ ಕಾಣುತ್ತಿಲ್ಲ. ತನಗೆ ತಾನೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ದಿನಕ್ಕೆ ಹಲವು ಸಲ ಅರ್ಧ ಗಂಟೆಗಟ್ಟಲೆ ರಂಪವಾದರೆ, ಮಾತು ನಿಧಾನವಾಗಿದ್ದರೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇದೆಲ್ಲ ಅಮೆರಿಕದವರ ಸಮಸ್ಯೆ ಎನ್ನುವವರಿಗೆ ಒಂದು ಮಾತು. ಶೋಭಾ ಶ್ರೀನಾಥ್ ಮತ್ತು ತಂಡ ಬೆಂಗಳೂರು ಮತ್ತು ಸುತ್ತಲಿನ ಸುಮಾರು ಎರಡು ಸಾವಿರ ಮಕ್ಕಳನ್ನು ನೋಡಿ 2005ರಲ್ಲಿ ವರದಿ ಬರೆದರು. ಹದಿನಾರು ವರ್ಷದೊಳಗಿನ ಮಕ್ಕಳಲ್ಲಿ ಶೇ. 12.5ರಷ್ಟು ಮಂದಿಗೆ ಮನಸ್ಸಿಗೋ ನಡವಳಿಕೆಗೋ ಸಂಬಂಧಿಸಿದ ಯಾವುದಾದರೂ ತೊಂದರೆ ಇತ್ತು. ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ, ಹಳ್ಳಿ, ಮೂರರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹಳ್ಳಿ ಮಕ್ಕಳು ಗಟ್ಟಿ ಅಂತ ನಾವು ಸುಮ್ನೆ ಹೇಳಿಕೊಳ್ಳುತ್ತೇವೆ.

ಈಗ ನಿನ್ನೆ ಬಾಕಿ ಉಳಿಸಿದ ಅರ್ಧ ಉತ್ತರ. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇಲ್ಲೇ ಇದೆ.

ಸೆಲೆಸ್ಟ್ ಕಿಡ್ ಎಂಬ ಹುಡುಗಿ ಮನೆಯಿಲ್ಲದವರ ಆಶ್ರಯ ಕೇಂದ್ರವೊಂದರಲ್ಲಿ ಕೆಲಸಕ್ಕೆ ಕೈಜೋಡಿಸಿದ್ದಳು. ಅಲ್ಲಿ ಮಕ್ಕಳ ಆಟಿಕೆಗೂ ತಿಂಡಿಗೂ ಗ್ಯಾರಂಟಿ ಇಲ್ಲ. ಯಾರು ಯಾವಾಗ ಕಿತ್ತುಕೊಳ್ಳುತ್ತಾರೋ ಗೊತ್ತಿಲ್ಲ. ಈ ಮಕ್ಕಳೆಲ್ಲ ಮಿಠಾಯಿಯನ್ನು ತಕ್ಷಣ ತಿಂದುಬಿಡುತ್ತವೆ ಎಂದು ಅವಳಿಗೆ ಅನಿಸಿತಂತೆ. ಮುಂದೆ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಮಾಡಿದಳು. 3ರಿಂದ 5 ವರ್ಷದ 28 ಮಕ್ಕಳು. ಮೊದಲು ಹಳೆಯ ಕ್ರೇಯಾನ್ ಕೊಟ್ಟು, ಕಾದರೆ ಹೊಸದು ತರ್ತೀನಿ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು. ಉಳಿದರ್ಧ ಮಕ್ಕಳಿಗೆ "ಅಯ್ಯೋ, ಇಲ್ಲವಂತೆ" ಎಂದು ಕೈ ಬೀಸಿಕೊಂಡು ಬಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ ಮಾಡಿದರು. ಆಮೇಲೆ ಮಾರ್ಷ್‌ಮೆಲ್ಲೋ ಇಟ್ಟರು.

ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ. ಪೂರ್ತಿ ಹದಿನೈದು ನಿಮಿಷ ಕಾದವರು ಒಂದು ಕಡೆ ಹದಿನಾಲ್ಕರಲ್ಲಿ 9, ಇನ್ನೊಂದು ಕಡೆ ಹದಿನಾಲ್ಕರಲ್ಲಿ 1. ಚಿಕ್ಕ ಪ್ರಯೋಗ, ನಿಜ. ಆದರೆ ಬೇಗ ತಿಂದ ಮಗು ಆಸೆಬುರುಕ ಅಲ್ಲ, ಲೆಕ್ಕ ಬಲ್ಲವನು ಎಂದು ನನಗೆ ಕಾಣುತ್ತದೆ. ಬರದ ಎರಡನೆಯದಕ್ಕೆ ಕಾಯುವವನು ದಡ್ಡ.

ಮಿಷೆಲ್‌ಗೂ ಇದು ಹೊಸದಲ್ಲ. ಬಿಂಗ್‌ಗಿಂತ ಮೊದಲು, 1950ರ ದಶಕದಲ್ಲಿ ಟ್ರಿನಿಡಾಡ್‌ನಲ್ಲಿ ಶಾಲಾ ಮಕ್ಕಳಿಗೆ "ಇವತ್ತು ಚಿಕ್ಕ ಮಿಠಾಯಿ ಬೇಕಾ, ಮುಂದಿನ ವಾರ ದೊಡ್ಡದು ಬೇಕಾ" ಎಂದು ಕೇಳಿದ್ದರು. ಅಲ್ಲಿ ಆಫ್ರಿಕಾ ಮೂಲದವರೂ ಇದ್ದರು, ನಮ್ಮ ದೇಶದಿಂದ ಕೂಲಿಗೆ ಹೋದವರ ಮೊಮ್ಮಕ್ಕಳೂ ಇದ್ದರು. ಒಬ್ಬರ ಬಗ್ಗೆ ಇನ್ನೊಬ್ಬರು ಬೇಕಾದಷ್ಟು ಆಡಿಕೊಳ್ಳುತ್ತಿದ್ದರು. ಅಂಕಿಗಳಲ್ಲಿ ಎದ್ದು ಕಂಡದ್ದು ಮನೆಯಲ್ಲಿ ಅಪ್ಪ ಇದ್ದಾನೋ ಇಲ್ಲವೋ ಎನ್ನುವುದು.

ಮಲ್ಲಿಗೆಬಳ್ಳಿ, ಬುಧವಾರ ರಾತ್ರಿ 11:20

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದಿನಕ್ಕೆ ಎಷ್ಟು ಸಲ "ಐದು ನಿಮಿಷ ಪುಟ್ಟ, ಬಂದೆ" ಎನ್ನುತ್ತೇನೆ ಎಂದು ಇವತ್ತು ಲೆಕ್ಕ ಹಾಕಿದೆ. ಹನ್ನೊಂದು. ಐದು ನಿಮಿಷಕ್ಕೆ ಹೋಗಿದ್ದು ಎರಡು ಸಲ. ಆಫೀಸ್ ಕೆಲಸ ಮನೆಯಿಂದಲೇ ಮಾಡುತ್ತೇನೆ. "ಮೀಟಿಂಗ್ ಮುಗಿದ ಮೇಲೆ ಪಾರ್ಕಿಗೆ ಹೋಗೋಣ" ಅಂದಿದ್ದೆ. ಮೀಟಿಂಗ್ ಮುಗಿದಾಗ ಕತ್ತಲಾಗಿತ್ತು.

ಹಳೇಮೇಷ್ಟ್ರು, ಗುರುವಾರ ಬೆಳಿಗ್ಗೆ 6:15

ಅಮ್ಮಾ, ಅಷ್ಟಕ್ಕೆ ನೊಂದುಕೊಳ್ಳಬೇಡಿ. ನೆರಳುಬಿಸಿಲು ಅವರ ಮಾತು ಓದಿ ನನಗೂ ಒಂದು ಯೋಚನೆ ಬಂತು. ಸಾಲಿನಲ್ಲಿ ನುಗ್ಗುತ್ತಿದ್ದ ಮಕ್ಕಳಲ್ಲಿ ಹಲವರು ಬೆಳಿಗ್ಗೆ ಏನೂ ತಿನ್ನದೆ ಬರುತ್ತಿದ್ದವರು. ಕೆಲವು ದಿನ ಸಾಲಿನ ಕೊನೆಗೆ ಸಾರು ನೀರಾಗಿರುತ್ತಿತ್ತು. ಅದು ಅವರಿಗೆ ಗೊತ್ತಿತ್ತು. ಮೂವತ್ತೆರಡು ವರ್ಷ ನಾನು ನುಗ್ಗುವ ಹುಡುಗರನ್ನು ಮಾತ್ರ ನೋಡಿದೆ, ಪಾತ್ರೆಯ ತಳ ನೋಡಲಿಲ್ಲ.

ಕಿವಿಹಣ್ಣು, ಗುರುವಾರ ಮಧ್ಯಾಹ್ನ 12:40

ಮೇಷ್ಟ್ರೇ, ಈ ಒಂದು ಮಾತಿಗೆ ದೊಡ್ಡ ನಮಸ್ಕಾರ.

ಬೇರೆ ಊರಿನ ಮಕ್ಕಳ ಬಗ್ಗೆ ಎರಡು ಅಧ್ಯಯನ ನಾನೂ ಓದಿದ್ದೆ. ಕ್ಯಾಮರೂನ್‌ನ ನ್ಸೋ ಎಂಬ ರೈತ ಸಮುದಾಯದ ನಾಲ್ಕು ವರ್ಷದ ಮಕ್ಕಳು, ಮತ್ತು ಜರ್ಮನಿಯ ಮಕ್ಕಳು. ನ್ಸೋ ಮಕ್ಕಳಲ್ಲಿ ಶೇ. 70ರಷ್ಟು ಮಂದಿ ಎರಡನೆಯದಕ್ಕೆ ಕಾದರು. ಜರ್ಮನಿಯಲ್ಲಿ ಶೇ. 28. ಜರ್ಮನ್ ಮಕ್ಕಳು ಹಾಡಿದರು, ಕುಣಿದರು, ಬೆನ್ನು ತಿರುಗಿಸಿದರು. ನ್ಸೋ ಮಕ್ಕಳು ಸುಮ್ಮನೆ ಕೂತರು, ಕೆಲವರು ನಿದ್ದೆಯನ್ನೇ ಹೊಡೆದರು!

ಇನ್ನೊಂದು ಜಪಾನಿನದು, 2022ರದ್ದು. ಜಪಾನಿ ಮಕ್ಕಳು ತಿಂಡಿಗೆ ಜಾಸ್ತಿ ಹೊತ್ತು ಕಾದರು. ಸುತ್ತಿಟ್ಟ ಉಡುಗೊರೆಗೆ ಅಷ್ಟು ಹೊತ್ತು ಕಾಯಲಿಲ್ಲ. ಅಮೆರಿಕದ ಮಕ್ಕಳು ತಿರುಗಾಮುರುಗಾ. ಯಾಕೆ ಗೊತ್ತಾ? ಜಪಾನಿನಲ್ಲಿ ಎಲ್ಲರಿಗೂ ಬಡಿಸುವ ತನಕ ಯಾರೂ ತಿನ್ನುವುದಿಲ್ಲ. ಅಮೆರಿಕದಲ್ಲಿ ಉಡುಗೊರೆಯನ್ನು ಹುಟ್ಟುಹಬ್ಬಕ್ಕೋ ಕ್ರಿಸ್‌ಮಸ್‌ಗೋ ಕಾದು ಬಿಚ್ಚಬೇಕು. ಯಾವುದಕ್ಕೆ ಕಾದು ರೂಢಿಯೋ ಅದಕ್ಕೆ ಕಾಯುತ್ತಾರೆ. ಓದಿದಾಗ ನನಗೆ ನೆನಪಾಗಿದ್ದು ನಮ್ಮಮ್ಮ. "ನೈವೇದ್ಯ ಆಗೋ ತನಕ ಮುಟ್ಟಬೇಡ."

ಗಿಣಿಶಾಸ್ತ್ರ, ಗುರುವಾರ ಮಧ್ಯಾಹ್ನ 12:55

ಹಾಗಾದರೆ ನಮ್ಮ ಮಕ್ಕಳನ್ನು ಕೊಬ್ಬರಿ ಮಿಠಾಯಿ ಮುಂದೆ ಸುಮ್ನೆ ಕೂರಿಸಬಾರದು. ಪಕ್ಕದಲ್ಲಿ ಗಣಪತಿ ಫೋಟೋ ಇಡಬೇಕು.

ಕಾಫಿತೋಟ (ಸಕಲೇಶಪುರ), ಗುರುವಾರ ರಾತ್ರಿ 8:30

ಚಿಕ್ಕ ಮಕ್ಕಳ ಮಾತಾಯಿತು. ದೊಡ್ಡವರದ್ದೂ ಹೇಳಿ. ನನ್ನ ಮಗನಿಗೆ 15. ಮನೆಯಲ್ಲಿ ಹಸುವಿನಂಥವನು. ಒಬ್ಬನೇ ಇದ್ದರೆ ತೋಟದ ಕೆಲಸವೂ ನೋಡಿಕೊಳ್ಳುತ್ತಾನೆ. ಹೋದ ತಿಂಗಳು ಗೆಳೆಯರ ಜೊತೆ ಸೇರಿ, ಒಬ್ಬನ ಅಣ್ಣನ ಬೈಕಿನಲ್ಲಿ ಮೂರು ಜನ, ಮಳೆಯಲ್ಲಿ ಘಾಟಿ ರಸ್ತೆ ಇಳಿದಿದ್ದಾನೆ. ಓಡಿಸಿದವನು ಇವನೇ. ಕೇಳಿದರೆ "ಗೊತ್ತಿಲ್ಲ ಅಪ್ಪ, ಆಗ ಏನೂ ಅನಿಸಲಿಲ್ಲ" ಅಂತಾನೆ. ಸುಳ್ಳು ಹೇಳುತ್ತಿದ್ದಾನಾ?

ಒಗ್ಗರಣೆ, ಗುರುವಾರ ರಾತ್ರಿ 8:41

ತಮಾಷೆ ಇಲ್ಲದೆ ಹೇಳುತ್ತಿದ್ದೇನೆ ಸರ್. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹದಿನೆಂಟರೊಳಗಿನವರು ಗಾಡಿ ಓಡಿಸಿ ಸಿಕ್ಕಿದರೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಅಣ್ಣನಿಗೂ ತಿಳಿಸಿ.

ನೆರಳುಬಿಸಿಲು, ಗುರುವಾರ ರಾತ್ರಿ 10:15

ಕಾಫಿತೋಟ ಅವರೇ, ಅವನು ಸುಳ್ಳು ಹೇಳುತ್ತಿಲ್ಲ ಎಂದೇ ನನ್ನ ಅನಿಸಿಕೆ. ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಮಾರ್ಗೊ ಗಾರ್ಡ್ನರ್ ಜೊತೆ ಸೇರಿ 2005ರಲ್ಲಿ ಬರೆದದ್ದು ನಿಮ್ಮ ಮನೆಯ ಕಥೆಯೇ. ಕಂಪ್ಯೂಟರಿನಲ್ಲಿ ಒಂದು ಕಾರ್ ಆಟ. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಓಡಿಸುತ್ತೀಯೋ ಅಷ್ಟು ಅಂಕ. ಕೆಂಪು ಬಂದಾಗ ಗಾಡಿ ಓಡುತ್ತಿದ್ದರೆ ಗುದ್ದಿ ಎಲ್ಲ ಹೋಯಿತು. 306 ಜನ ಆಡಿದರು. 13-16ರ ಹುಡುಗ ಹುಡುಗಿಯರು, 18-22ರವರು, 24 ದಾಟಿದವರು. ಒಬ್ಬೊಬ್ಬರೇ ಆಡಿದಾಗ ಮೂರು ಗುಂಪಿಗೂ ಅಷ್ಟೇನೂ ವ್ಯತ್ಯಾಸ ಇಲ್ಲ. ಪಕ್ಕದಲ್ಲಿ ಇಬ್ಬರು ಗೆಳೆಯರನ್ನು ಕೂರಿಸಿದಾಗ ಚಿಕ್ಕವರ ಹುಂಬತನ ಏರಿತು. 24 ದಾಟಿದವರು ಗೆಳೆಯರಿದ್ದರೂ ಇಲ್ಲದಿದ್ದರೂ ಒಂದೇ.

2011ರಲ್ಲಿ ಇದೇ ಥರದ ಆಟವನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಆಡಿಸಿದರು. ಗೆಳೆಯರು ಇನ್ನೊಂದು ಕೋಣೆಯಲ್ಲಿ ನೋಡುತ್ತಿದ್ದಾರೆ ಎಂದು ಗೊತ್ತಿದ್ದರೆ ಸಾಕು, ಆ ವಯಸ್ಸಿನವರಲ್ಲಿ ಬಹುಮಾನ ಸಿಗುವಾಗ ಚುರುಕಾಗುವ ಭಾಗ ಜಾಸ್ತಿ ಚುರುಕಾಯಿತು. ಅಪಾಯ ಗೊತ್ತಿಲ್ಲದೆ ಮಾಡುವುದಲ್ಲ ಅದು. ಆ ಗಳಿಗೆಯ ಮಜಾ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ "ರಸ್ತೆ ಅಪಾಯ" ಎಂಬ ಭಾಷಣದಿಂದ ಜಾಸ್ತಿ ಉಪಯೋಗ ಇಲ್ಲ. ಅವನಿಗೆ ಅದು ಗೊತ್ತಿರುವ ವಿಷಯ.

ಒಂದು ಉಪಾಯ ಮಾತ್ರ ನನಗೆ ಇಷ್ಟ. 2016ರ ಇನ್ನೊಂದು ಪ್ರಯೋಗದಲ್ಲಿ 18-22ರ ಹುಡುಗರ ಗುಂಪಿನಲ್ಲಿ ಇಪ್ಪತ್ತೈದರಿಂದ ಮೂವತ್ತರೊಳಗಿನ ಒಬ್ಬನನ್ನು ಸೇರಿಸಿದರು. ಅವನು ಬುದ್ಧಿ ಹೇಳಬೇಕಾಗಿಲ್ಲ. ಇದ್ದರೆ ಸಾಕು. ಗುಂಪಿನ ಹುಂಬತನ ಇಳಿಯಿತು. ನಿಮ್ಮ ಮಗ ಅದಕ್ಕಿಂತ ಚಿಕ್ಕವನು, ಆದರೂ ಮಾಡಿ ನೋಡಬಹುದು. ಅಂಥ ಅಣ್ಣನೋ ಮಾವನೋ ಯಾರಾದರೂ ಇದ್ದಾರಾ?

ಕಾಫಿತೋಟ, ಗುರುವಾರ ರಾತ್ರಿ 10:32

ಅಕ್ಕನ ಮಗ ಇದ್ದಾನೆ, 26. ಹಾಸನದಲ್ಲಿ ಕೆಲಸ. ಶನಿವಾರ ಬರುತ್ತಾನೆ. ಅವನನ್ನೂ ಇವರ ಜೊತೆ ಕ್ರಿಕೆಟ್‌ಗೆ ಕಳಿಸುತ್ತೇನೆ. ಬೈಕ್ ಕೀ ನನ್ನ ಜೇಬಲ್ಲೇ ಇರುತ್ತದೆ.

ಮಲ್ಲಿಗೆಬಳ್ಳಿ, ಹನ್ನೆರಡು ದಿನಗಳ ನಂತರ, ರಾತ್ರಿ 9:15

ಏನಾಯಿತು ಎಂದು ಕೇಳಿದವರಿಗೆ.

ಐದು ನಿಮಿಷ ಅನ್ನುವುದು ಬಿಟ್ಟೆ. "ಕುಕ್ಕರ್ ಮೂರು ಸಲ ಕೂಗಿದ ಮೇಲೆ ಬರ್ತೀನಿ" ಎನ್ನುತ್ತೇನೆ. ಕೂಗಿದ ತಕ್ಷಣ ಒಲೆ ಆರಿಸಿ ಹೋಗುತ್ತೇನೆ. ಅವನು ಬೆರಳಲ್ಲಿ ಲೆಕ್ಕ ಹಾಕುತ್ತಾನೆ. ಆಗದ ಮಾತನ್ನು ಕೊಡುವುದಿಲ್ಲ. ಅಂಗಡಿಯಲ್ಲಿ ಮೊದಲ ಎರಡು ಸಲ ನೀವು ಹೇಳಿದ ಹಾಗೇ ರಂಪ ಜಾಸ್ತಿಯಾಯಿತು. ಎರಡನೇ ಸಲ ನನಗೇ ಅಳು ಬಂತು. ಮೂರನೇ ಸಲ ಅತ್ತ, ಆದರೆ ನಿಂತುಕೊಂಡೇ ಅತ್ತ. ಅದನ್ನು ಗೆಲುವು ಅಂದುಕೊಂಡಿದ್ದೇನೆ.

ಗಣೇಶನ ಹಬ್ಬದ ದಿನ ಕಡುಬು ಮಾಡಿದೆವು. ನೈವೇದ್ಯ ಆಗುವ ತನಕ ಮುಟ್ಟಬಾರದು ಅಂದೆ. ತಟ್ಟೆಯ ಮೇಲೆ ಬಾಳೆಲೆ ಮುಚ್ಚಿಟ್ಟೆ, ಕಣ್ಣಿಗೆ ಕಾಣದ ಹಾಗೆ. ಪೂಜೆ ಮುಕ್ಕಾಲು ಗಂಟೆ. ಕಂಬಕ್ಕೆ ಒರಗಿ ಹಾಡು ಹೇಳಿಕೊಂಡು ಕೂತೇ ಇದ್ದ. ಮುಕ್ಕಾಲು ಗಂಟೆ! ಯಜಮಾನರಿಗೆ ಕಣ್ಸನ್ನೆ ಮಾಡಿ ತೋರಿಸಿದೆ. ಗ್ರೂಪಿಗೆ ವಿಡಿಯೋ ಹಾಕೋಣ ಅಂತ ಫೋನೂ ತೆಗೆದೆ.

ಮಂಗಳಾರತಿ ಆದ ಮೇಲೆ ಕೈ ತೊಳೆಸಲು ಕರೆದುಕೊಂಡು ಹೋದಾಗ ನೋಡುತ್ತೇನೆ, ಅಂಗಿಯ ಜೇಬಿನ ತುಂಬ ಹೂರಣ. ಪೂಜೆಗೆ ಕೂರುವ ಮೊದಲೇ ಅಜ್ಜಿ ಎರಡು ಕೊಟ್ಟಿದ್ದರಂತೆ.

ಒಗ್ಗರಣೆ, ರಾತ್ರಿ 9:19

ಎರಡು! ಕಾಯದೆಯೇ ಎರಡು!

ಕಬ್ಬಿನಜಲ್ಲೆ, ರಾತ್ರಿ 9:30

ನಮ್ಮನೆಯಲ್ಲಿ ಒಂದು ವಾರ ಆಯಿತು, ಐದನೇ ಸಲವೂ ಕೊಟ್ಟಿಲ್ಲ. ಮಗಳು ಈಗ ನನ್ನ ಹತ್ತಿರ ಕೇಳುವುದೇ ಬಿಟ್ಟಿದ್ದಾಳೆ. ನೇರ ಅವರಮ್ಮನ ಹತ್ತಿರ ಹೋಗುತ್ತಾಳೆ. ನೆರಳುಬಿಸಿಲು ಮೇಡಂ, ಇದಕ್ಕೇನಾದರೂ ಅಧ್ಯಯನ ಇದೆಯಾ?